ನೇಕಾರ ಕಾಕಾ ಮಾಡಿದ ಹೆಣದ ಪಾರ್ಟು

ದೆವ್ವದ ಸಿನಿಮಾ ಮೆಚ್ಚುವವರ ನಡುವೆ ಕೂತು ಬಂದ ದಿನ ನಾನು ನಗದೆ ಮನೆಗೆ ಮರಳಿದ್ದಿಲ್ಲ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹೊರಬೀಳುತ್ತೇನೆ. ಸಂಜೆ ಬಂದು ಮತ್ತೆ ದೀಪ ಹಚ್ಚುವಾಗ ಮಧ್ಯಾಹ್ನದ ಯಾವುದೋ ಮಾತು ನೆನಪಾಗಿ ದೇವರ ಮುಂದೆಯೇ ನಗು ಬಂದುಬಿಡುತ್ತದೆ. ಮನೆಯವಳು ಒಳಗಿನಿಂದ ಸೊಸೆಗೆ ಹೇಳುತ್ತಾಳೆ: "ಇವತ್ತ ಅಮಾಸಿ ಅಲ್ಲೇನವಾ, ನಗಲಿ ಬಿಡು."

ಅಮಾಸಿ ಬೈಠಕ್ಕು

ನಾವು ನಾಲ್ವರು. ರಬಕವಿಯ ನೇಕಾರ ಕಾಕಾ, ಮುಧೋಳದ ನಿವೃತ್ತ ಬಸ್ ಕಂಡಕ್ಟರು, ಬೀಳಗಿಯ ಸಾಲಿ ಮಾಸ್ತರು, ಮತ್ತೆ ತುಬಚಿ ಕಡೆ ಒಕ್ಕಲುತನ ಮಾಡುವ ನಾನು. ವಯಸ್ಸಿನಲ್ಲಿದ್ದಾಗ ಜಮಖಂಡಿಯ ಟಾಕೀಜಿನ ಬೆಂಚಿನ ಮೇಲೆ ಪರಿಚಯವಾದವರು. ಆ ಟಾಕೀಜಿನಲ್ಲಿ ಈಗ ಮದುವೆಗಳಾಗುತ್ತವೆ. ಹಾಗಾಗಿ ನಾವು ಕಾಕಾನ ಪಡಸಾಲೆಯಲ್ಲಿ ಟಿವಿ ಮುಂದೆ ಸೇರುತ್ತೇವೆ.

ಮಾಸ್ತರಿಗೆ ಬಿಳಿ ಸೀರೆ ಉಟ್ಟು ಹಾಡುವ ದೆವ್ವ ಬೇಕು. ಕಂಡಕ್ಟರಿಗೆ ಬಾಗಿಲು ತಾನಾಗಿ ತೆರೆದುಕೊಳ್ಳುವ ಬಂಗಲೆ ಬೇಕು. ನನಗೆ ಕೊನೆಯಲ್ಲಿ ಗುಡಿಯ ಗಂಟೆ ಬಾರಿಸಿ ದೆವ್ವ ಸುಟ್ಟುಹೋದರೆ ಸಮಾಧಾನ. ಕಾಕಾನಿಗೆ ಮಾತ್ರ ಸಿನಿಮಾದಲ್ಲಿ ಒಂದು ಹೆಣ ಇದ್ದರೆ ಸಾಕು. ಅದರ ಕಾರಣ ಮುಂದೆ ಹೇಳುತ್ತೇನೆ.

ಕಾಕಾನ ಮಗ್ಗಕ್ಕೆ ಅಮಾವಾಸ್ಯೆ ದಿನ ಸೂಟಿ, ಆದ್ದರಿಂದ ನಮ್ಮ ಬೈಠಕ್ಕೂ ಅವತ್ತೇ. ಓಣಿಗೆ ಹೊಸದಾಗಿ ಬಂದ ಹೆಣ್ಣುಮಗಳೊಬ್ಬಳಿಗೆ ಇದು ಗೊತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ನಾಲ್ಕು ಮುದುಕರು ಬಾಗಿಲು ಮುಚ್ಚಿಕೊಂಡು ದೆವ್ವದ ಸುದ್ದಿ ಆಡುವುದನ್ನು ಕೇಳಿ, ಒಂದು ದಿನ ಲಿಂಬಿಹಣ್ಣು ಹಿಡಿದುಕೊಂಡು ಬಂದಳು. ಕಾಕಾನ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತೇವೆ. ಆಕೆಯ ಮುಂದೆ ನಿಂತು, "ಕಾಕು, ನಮ್ಮ ಎಮ್ಮಿ ಹಾಲ ಕೊಡವಲ್ಲದರಿ. ಏನರ ಗಾಳಿ ಬಡದಿರಬೇಕು, ಒಳಗ ಕುಂತ ಅಜ್ಜಾರಿಗೆ ತೋರಸ್ರಿ" ಎಂದಳು.

ಕಾಕು ಹೇಳಿದಳು: "ಬ್ಯಾಡವಾ ತಂಗಿ. ಖರೇನ ಗಾಳಿ ಬಂದ್ರ ಈ ನಾಲ್ಕೂ ಮಂದಿ ನಿನ್ನ ಎಮ್ಮಿ ಹಿಂದ ಅಡಗತಾರ."

ಭಂಡಾರ

ನಮ್ಮ ಮನೆದೇವರು ಬೀರೇಶ್ವರ. ಕಿಸೆಯಲ್ಲಿ ಭಂಡಾರದ, ಅಂದರೆ ದೇವರ ಅರಿಶಿನಪುಡಿಯ, ಪೊಟ್ಟಣ ಇಲ್ಲದೆ ನಾನು ಹೊಲಕ್ಕೂ ಹೋದವನಲ್ಲ, ಟಾಕೀಜಿಗೂ ಹೋದವನಲ್ಲ.

ಒಮ್ಮೆ ಜಮಖಂಡಿಯಲ್ಲಿ ಮ್ಯಾಟಿನಿ ಆಟಕ್ಕೆ ಕೂತಿದ್ದೆವು. ಪರದೆಯ ಮೇಲೆ ಹಾಳುಬಾವಿಯಿಂದ ಒಂದು ಕೈ ಮೇಲೆ ಬಂತು. ನಾನು ಸದ್ದಿಲ್ಲದೆ ಪೊಟ್ಟಣ ಬಿಚ್ಚಿ, ಬೀರಪ್ಪನನ್ನು ನೆನೆದು, ಹಣೆಗೆ ಭಂಡಾರ ಹಚ್ಚಿಕೊಂಡೆ. ಪಕ್ಕದ ಹೆಣ್ಣುಮಗಳು ನೋಡಿದಳು. ತನ್ನ ಕೂಸನ್ನು ಮುಂದೆ ಹಿಡಿದು, "ಯಣ್ಣಾ, ಇದಕ್ಕೂ ಚೂರ ಹಚ್ರಿ" ಎಂದಳು. ಹಚ್ಚಿದೆ. ಹಿಂದಿನ ಸಾಲಿನವರು ತಲೆ ಬಾಗಿಸಿದರು. ಇಂಟರ್ವಲ್ಲಿನಲ್ಲಿ ಚಹಾದ ಅಂಗಡಿಗಿಂತ ನನ್ನ ಮುಂದೆ ದೊಡ್ಡ ಪಾಳಿ. ದೇವರ ಭಂಡಾರ ಕೇಳಿದವರಿಗೆ ಇಲ್ಲ ಎನ್ನಬಾರದು.

ಆಟ ಬಿಟ್ಟಾಗ ಇಡೀ ಟಾಕೀಜು ಹಳದಿ ಹಣೆ ಹೊತ್ತು ಹೊರಗೆ ಬಂತು. ಮುಂದಿನ ಆಟಕ್ಕೆ ಪಾಳಿ ಹಚ್ಚಿದ್ದ ಹುಡುಗರು, "ಏ ನಡೀರಿಲೇ, ಇದು ಭಕ್ತಿ ಸಿನಿಮಾ! ಬೋರ್ಡ ತಪ್ಪ ಹಚ್ಯಾರ" ಎಂದು ಹೊರಟೇಬಿಟ್ಟರು.

ಗೇಟಿನವನು ನನಗೆ ಕೈ ಮುಗಿದ. "ಯಪ್ಪಾ, ಇನ್ನ ಮ್ಯಾಲೆ ನೀವು ಪುಕ್ಕಟ ಬರ್ರಿ. ಆದ್ರ ಆ ಪೊಟ್ಟಣ ಮನ್ಯಾಗ ಇಟ್ಟ ಬರ್ರಿ."

ಸಿನಿಮಾದ ವರ

ಈಗ ಹೆಣದ ಮಾತು. ಕಾಕಾ ಹರೆಯದಲ್ಲಿದ್ದಾಗ ಗಲಗಲಿ ಕಡೆ, ಹೊಳೆದಂಡೆಯ ಹಳೆಯ ವಾಡೆಯೊಂದಕ್ಕೆ ದೆವ್ವದ ಸಿನಿಮಾ ತೆಗೆಯುವವರು ಬಂದಿದ್ದರಂತೆ. ನೋಡಲು ಹೋದ ಕಾಕಾನನ್ನೇ ಹಿಡಿದು ಹೆಣ ಮಾಡಿ ಮಲಗಿಸಿದರಂತೆ. ಸಿನಿಮಾ ಜಮಖಂಡಿಯಲ್ಲಿ ಕೆಲವೇ ದಿನ ಓಡಿತು, ಕಾಕಾ ಹೋಗಿ ನೋಡುವಷ್ಟರಲ್ಲಿ ಎತ್ತಿಬಿಟ್ಟಿದ್ದರು. ಆಮೇಲೆ ಅದರ ಪತ್ತೆಯಿಲ್ಲ.

ಅದರ ಹಿಂದೆಯೇ ಕಾಕಾನಿಗೆ ಹೆಣ್ಣು ನೋಡಿದರು. ಹಿರಿಯರು ಮಾತುಕತೆಯಲ್ಲಿ, "ಹುಡುಗ ಸಿನಿಮಾದಾಗ ಪಾರ್ಟ ಮಾಡ್ಯಾನ" ಎಂದರು. ಅದನ್ನು ಕೇಳಿಯೇ ಕಾಕು ಹೂಂ ಅಂದದ್ದು. ಮದುವೆಯಾಗಿ ಬಂದು, "ಯಾವ ಪಾರ್ಟರಿ?" ಎಂದು ಕೇಳಿದಳು. "ಹೆಣದ್ದು" ಎಂದರು ಕಾಕಾ.

ಅಂದಿನಿಂದ ಕಾಕು ನಂಬಿಲ್ಲ. "ಹೀರೋನ ಗೆಳ್ಯಾ ಅಂದಿದ್ರ ಒಂದ ಮಾತು. ಹೆಣದ್ದರಾಗೂ ಸುಳ್ಳ ಹೇಳತಾರಲ್ಲರಿ ಮಂದಿ!" ಎಂದು ನಮ್ಮೆದುರಿಗೇ ಅನ್ನುತ್ತಾಳೆ. ಕಾಕಾನ ಮುಖ ಸಣ್ಣದಾಗುತ್ತದೆ. ಅವರಿಗೆ ಬೇರೆ ಯಾವ ಆಸೆಯೂ ಇದ್ದಂತೆ ನನಗೆ ಕಂಡಿಲ್ಲ, ಕಾಕು ಇದನ್ನು ನಂಬಬೇಕು ಅನ್ನುವುದೊಂದೇ. ಒಮ್ಮೆ ಕಾಕಾ ರೋಷದಿಂದ, "ಒಂದ ದಿನ ಆ ಸಿನಿಮಾ ನಿನಗ ತೋರಿಸೇ ಸಾಯಾಂವ ನಾ" ಎಂದರು.

ಕಾಕು ಅಂದಳು: "ತೋರಸದ ಸತ್ರೂ ನಡೀತೈತಿ ಬಿಡ್ರಿ. ಹೆಣದ ಪಾರ್ಟ ಹ್ಯಾಂಗ ಮಾಡತೀರಿ, ಆಗ ನೋಡತೇನಿ." ಅಂದವಳೇ ಶಿವಶಿವಾ ಎಂದು ಎರಡೂ ಗಲ್ಲ ಬಡಿದುಕೊಂಡು, ಕಾಕಾನ ತಾಟಿಗೆ ಇನ್ನೊಂದು ಹಿಡಿ ಚುರುಮುರಿ ಸೂಸಲಾ ಸುರಿದಳು.

ಬಾಗಿಲಲ್ಲಿ ನಿಂತ ದೆವ್ವ

ಕಂಡಕ್ಟರು ಟಿವಿ ಮುಂದೆ ಬಿಗಿಯಾಗಿ ಕೂತು ನೋಡುವವರು. ಒಂದು ಅಮಾವಾಸ್ಯೆ ಅವರ ಮೆಚ್ಚಿನ ಬಂಗಲೆಯ ಸಿನಿಮಾ ಹಚ್ಚಿದ್ದೆವು. ಬಾಗಿಲು ಕಿರ್ರೆಂದು ತೆರೆಯಿತು. ಹೊಸ್ತಿಲ ಮೇಲೆ ಕೂದಲು ಹರವಿಕೊಂಡ ಹೆಂಗಸು ಬಂದು ನಿಂತಳು. ಒಳಗೂ ಬರಲೊಲ್ಲಳು, ಹೊರಗೂ ಹೋಗಲೊಲ್ಲಳು. ಮಾಸ್ತರು ನನ್ನ ತೋಳು ಹಿಡಿದರು.

ಅಷ್ಟರಲ್ಲಿ ಕಂಡಕ್ಟರು ಮೈಮರೆತು ಕೂಗಿದರು: "ಬಾಗಲದಾಗ ನಿಂದರಬ್ಯಾಡ್ರಿ ಯಕ್ಕಾ, ಒಳಗ ನಡೀರಿ! ಹಿಂದ ಸೀಟ ಖಾಲಿ ಅದಾವು!"

ನಾವು ಬಿದ್ದು ಬಿದ್ದು ನಕ್ಕೆವು. ಕಂಡಕ್ಟರು ನಾಚಿದರು. ಕಾಕು ಅವರ ಪರ ವಹಿಸಿದಳು. "ನಗಬ್ಯಾಡ್ರಿ. ಮಾಡಿದ ಕೆಲಸ ಮೈ ಬಿಡೂದಿಲ್ಲ. ಇವರನ್ನ ನೋಡ್ರಿ, ದಿನಾ ಕುಣಿಮಗ್ಗದಾಗ ಕಾಲ ಇಳಿಬಿಟ್ಟು ತುಳದು ತುಳದು, ರಾತ್ರಿ ನಿದ್ದಿಗಣ್ಣಾಗೂ ತುಳೀತಾರ. ಬಲಗಾಲ, ಎಡಗಾಲ, ಬಲಗಾಲ, ಎಡಗಾಲ. ಎಲ್ಲಾ ನನಗ ಬಡೀತಾವು. ಮುಂಜಾನಿ ಎದ್ದ ನೋಡಿದ್ರ ಒಂದ ಗೇಣ ಸೀರಿ ಆಗಿರೂದಿಲ್ಲ!"

ಮಂತ್ರವಾದಿಗೆ ಹೂವು

ನಮ್ಮ ಸಿನಿಮಾಗಳ ನಟರು ಯಾರಾದರೂ ತೀರಿಕೊಂಡರೆ, ಮುಂದಿನ ಅಮಾವಾಸ್ಯೆಗೆ ಅವರ ಫೋಟೋ ಇಟ್ಟು ಹೂ ಏರಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ದೀಪ ಹಚ್ಚುವುದು, ನಾಲ್ಕು ಒಳ್ಳೆಯ ಮಾತು ಹೇಳುವುದು ನನ್ನ ಪಾಲಿನ ಕೆಲಸ.

ಒಮ್ಮೆ ಮಂತ್ರವಾದಿಯ ಪಾರ್ಟಿಗೆ ಹೆಸರಾದ ನಟರು ಹೋದರು. ಕಾಕಾನ ಹೆಣದ ಮುಂದೆ ಡಮರು ಬಾರಿಸಿದವರೂ ಅವರೇ ಅಂತೆ. ಕಾಕು ಅಡ್ಡ ನಿಂತಳು. "ಎಷ್ಟ ಮಂದಿನ್ನ ಬಲಿ ಕೊಟ್ಟಾನ ಅಂವ! ನನ್ನ ಮನ್ಯಾಗ ಅವಗ ದೀಪ ಹಚ್ಚತೀರೇನು?"

ನಾನು ಸಮಾಧಾನವಾಗಿ ಹೇಳಿದೆ. "ಕಾಕು, ಅದೆಲ್ಲಾ ಪರದೆ ಮ್ಯಾಲಿಂದು. ಮನ್ಯಾಗ ಭಾಳ ಸಾಧು ಮನಷ್ಯಾ ಅಂತ. ಇರಿವಿ ಸೈತ ತುಳದಾಂವ ಅಲ್ಲ. ಹೋದ ಜೀವಕ್ಕ ಒಂದ ಹೂವು ಏರಿಸಿದ್ರ ಪುಣ್ಯ."

ಕಾಕುವಿನ ಮನಸ್ಸು ಕರಗಿತು. ಸೆರಗು ಹೊದ್ದು, ಸೇವಂತಿ ಹಿಡಿದು, ಫೋಟೋದ ಕಡೆ ಹೊರಟಳು. ಅರ್ಧ ದಾರಿಯಲ್ಲಿ ನಿಂತಳು. ತಿರುಗಿ ಮೆಲ್ಲಗೆ ಕೇಳಿದಳು:

"ಇವರ ಕಣ್ಣ ಮುಚ್ಚಿದ ಫೋಟೋ ಸಿಗಲಿಲ್ಲೇನ್ರಿ ನಿಮಗ?"

ಹೆಣ

ಇತ್ತೀಚೆಗೆ, ಕಾಕಾ ಹೆಣವಾಗಿ ಮಲಗಿದ್ದ ಆ ಸಿನಿಮಾದ ಹೀರೋ ಕೂಡ ತೀರಿಕೊಂಡರು. ಹೀರೋಯಿನ್ ಮೊದಲೇ ಹೋಗಿದ್ದರು. ಕಾಕಾ ಮಂಕಾಗಿ ಕೂತಿದ್ದರು. "ನಾ ಮಲಗಿದ್ನಿ ಅಂತ ಹೇಳಾಕ ಇವರೊಬ್ಬರ ಉಳದಿದ್ರು. ಇವರೂ ಹ್ವಾದ್ರು. ಇನ್ನ ನನ್ನ ಮಾತ ಯಾರ ನಂಬ್ಯಾರು?"

ಅಷ್ಟರಲ್ಲಿ ಕಂಡಕ್ಟರು ಓಡೋಡಿ ಬಂದರು. ಹೀರೋ ಹೋದ ಸುದ್ದಿ ಕೇಳಿ ಯಾರೋ ಪುಣ್ಯಾತ್ಮರು ಆ ಹಳೆಯ ಸಿನಿಮಾವನ್ನು ಯೂಟ್ಯೂಬಿಗೆ ಹಾಕಿದ್ದರು. ಕಂಡಕ್ಟರು ಅದನ್ನು ಟಿವಿಯಲ್ಲಿ ಹಚ್ಚುತ್ತಿದ್ದಂತೆ ಕಾಕಾ, "ಏ, ಹೊರಗ ಬಾ" ಎಂದು ಕಾಕುವನ್ನು ಕರೆದರು. ಆಕೆ ಅಡಿಗೆಮನೆಯ ಬಾಗಿಲಲ್ಲೇ ಚಹಾದ ತಾಟು ಹಿಡಿದು ನಿಂತಳು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಒಂದು ತೆಂಗಿನಕಾಯಿಯ ಹರಕೆ ಹೊತ್ತೆ.

ವಾಡೆ ಬಂತು. ಅಂಗಳ ಬಂತು. ಅಂಗಳದ ನಡುವೆ ಹೆಣವೂ ಬಂತು. ಆದರೆ ತಲೆಯಿಂದ ಕಣಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದ್ದಾರೆ. ಹೊರಗೆ ಕಾಣುವುದು ಎರಡು ಪಾದ ಮಾತ್ರ.

ಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಇದು ಯಾರ ಕಾಲರ ಆಗಬಹುದಲ್ಲ ಕಾಕಾ. ಕಾಲಿಗೆ ಏನ ಹೆಸರ ಬರದೈತೇನು?"

ಕಾಕಾ ತಾವು ಕೂತ ಚಾಪೆಯ ಅಂಚು ನೋಡತೊಡಗಿದರು. ಇಷ್ಟು ವರ್ಷ ಕಾದದ್ದು ಬರೀ ಈ ಎರಡು ಪಾದಕ್ಕೇನು ಎನ್ನುವಂತಿತ್ತು ಅವರ ಮುಖ. ನನಗೂ ಸಂಕಟವಾಯಿತು.

ಪರದೆಯ ಮೇಲೆ ಹೀರೋಯಿನ್ ಹೆಣದ ಎದೆಯ ಮೇಲೆ ಬಿದ್ದು ಅಳತೊಡಗಿದಳು. ಮಂತ್ರವಾದಿ ಡಮರು ಬಾರಿಸತೊಡಗಿದ. ಡಮರಿನ ಬಡಿತ ಒಂದು ಹದಕ್ಕೆ ಬಂತು. ಆಗ ಹೆಣದ ಬಲಗಾಲು ಮೆಲ್ಲಗೆ ಕೆಳಗೆ ಒತ್ತಿತು. ಆಮೇಲೆ ಎಡಗಾಲು. ಮತ್ತೆ ಬಲಗಾಲು. ಮತ್ತೆ ಎಡಗಾಲು. ಹೀರೋಯಿನ್ ಅಳುತ್ತಿದ್ದಾಳೆ, ಹೀರೋ ಹಲ್ಲು ಕಚ್ಚುತ್ತಿದ್ದಾನೆ, ಹೆಣ ಸೀರೆ ನೇಯುತ್ತಿದೆ!

"ಅವತ್ತ ನನಗ ಖರೇನ ನಿದ್ದಿ ಹತ್ತಿತ್ತು" ಎಂದರು ಕಾಕಾ, ಸಣ್ಣ ದನಿಯಲ್ಲಿ.

ಬಾಗಿಲ ಕಡೆ ಚಹಾದ ತಾಟು ಗಲಗಲ ಎಂದಿತು. ಕಾಕು ಅದನ್ನು ನೆಲಕ್ಕಿಟ್ಟು, ಟಿವಿಯ ತೀರ ಹತ್ತಿರ ಬಂದು ನಿಂತಳು. "ಮತ್ತೊಮ್ಮಿ ಹಚ್ರಿ" ಎಂದಳು. ಕಂಡಕ್ಟರು ಹಚ್ಚಿದರು. "ಇನ್ನೊಮ್ಮಿ." ಅದನ್ನೂ ಹಚ್ಚಿದರು.

ಮಾಸ್ತರು ಕನ್ನಡಕ ತೆಗೆದು ಒರೆಸುತ್ತ ಅಂದರು: "ಎಂಥಾ ದೇವರ ಆಟ ನೋಡ್ರಿ. ಈ ಸಿನಿಮಾದಾಗ ಬದುಕಿದ್ದವರೆಲ್ಲಾ ಹ್ವಾದ್ರು. ಸತ್ತಾಂವ ಒಬ್ಬ ಉಳದಾನ."

ಹೀರೋನ ಫೋಟೋಕ್ಕೆ ಮೊದಲ ಹೂವು ಕಾಕಾ ಏರಿಸಲಿ ಎಂದೆ ನಾನು. ಜೊತೆಗೆ ನಟಿಸಿದವರಲ್ಲಿ ಉಳಿದವರು ಅವರೇ ತಾನೆ? ಕಾಕಾ ಎದ್ದು ಹೂವೇರಿಸಿದರು, ಕೈ ಮುಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಹೊಸ ಮದುಮಗನಂತೆ ಅಂಜುತ್ತ ಕೇಳಿದರು:

"ಈಗರ ನಂಬಿದೇನು?"

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಕ್ಕದ್ದಕ್ಕೋ ಅತ್ತದ್ದಕ್ಕೋ ತಿಳಿಯಲಿಲ್ಲ.

"ನಂಬಿದ್ನಿರಿ. ದಿನಾ ನನ್ನ ಒದಿಯೂ ಕಾಲ ನನಗ ಗುರ್ತ ಸಿಗೂದಿಲ್ಲೇನು? ಅಷ್ಟ ಮಂದಿ ಕೂಡಿ ನಿಮ್ಮನ್ನ ಹೆಣಾ ಮಾಡಿ ಮಲಗಿಸಿದ್ರೂ ನೀವು ಸುಮ್ಮನ ಮಲಗಲಿಲ್ಲ. ಇನ್ನ ನಾ ಒಬ್ಬಾಕಿ ಹೇಳಿದ್ರ ಮಲಗತೀರೇನು!"