ಮದುವೆ ಕಾರಿನ ಉಬ್ಬಸ

ಮಾವನ ಕಾರು ಓಡಿಸುವವನಿಗೆ ಮಾವ ಸತ್ತ ಮೇಲೂ ಬಿಡುಗಡೆಯಿಲ್ಲ ಎಂಬುದು ಒಟ್ಮಾರನ ಬಹುಕಾಲದ ದೂರು. ಜರ್ಮನಿಯ ಎಸ್ಲಿಂಗೆನ್ನಿನ ದ್ರಾಕ್ಷಿ ಗುಡ್ಡದ ಬುಡದಲ್ಲಿ ಅವನ ಮನೆ, ಮನೆಯ ಮುಂದೆ ಹೆಂಡತಿ ಹೆರ್ಟಾಳ ಅಪ್ಪ ಬಿಟ್ಟುಹೋದ ಸಾಸಿವೆ ಬಣ್ಣದ ಹಳೆಯ ಕಾರು. ಕಾರು ಚೆನ್ನಾಗಿ ಓಡಿದರೆ ‘ಅಪ್ಪ ಹಾಗೆ ಇಟ್ಟಿದ್ರು’. ಕೆಟ್ಟರೆ ‘ನೀನು ಹೀಗೆ ಮಾಡ್ದೆ’. (ಈ ನ್ಯಾಯಕ್ಕೆ ಮೇಲ್ಮನವಿ ಇಲ್ಲ.)

ಆದರೂ ಆ ಕಾರೆಂದರೆ ಒಟ್ಮಾರನಿಗೆ ಪ್ರಾಣ. ಶನಿವಾರ ಮಗಳು ರೀಕೆಯ ಮದುವೆ. ಅಜ್ಜನ ಕಾರಿನಲ್ಲೇ ಚರ್ಚಿಗೆ ಹೋಗಬೇಕು, ಅಪ್ಪನೇ ಓಡಿಸಬೇಕು ಎಂದು ಅವಳ ಹಟ. ಒಟ್ಮಾರ್ ಬೀದಿಗೆಲ್ಲ ಡಂಗುರ ಸಾರಿ, ಕರಿ ಕೋಟಿಗೆ ಇಸ್ತ್ರಿ ಹಾಕಿಸಿ ಕಾದಿದ್ದ. ಶುಕ್ರವಾರ ಬೆಳಿಗ್ಗೆ ಗುಡ್ಡ ಹತ್ತುತ್ತಿದ್ದ ಕಾರು ಕೆಮ್ಮಿತು, ಏದುಸಿರು ಬಿಟ್ಟಿತು, ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಹಿಂದೆಯೇ ಸದ್ದಿಲ್ಲದೆ ಬರುತ್ತಿದ್ದ ಹೊಚ್ಚಹೊಸ ವಿದ್ಯುತ್ ಕಾರಿನಿಂದ ಹ್ಯಾನೋವರಿನ ಬೀಗರಾದ ಲ್ಯೂಡರ್ಸ್ ತಲೆ ಹೊರಹಾಕಿದರು.

“ಯೋಚ್ನೆ ಮಾಡ್ಬೇಡಿ ಬೀಗ್ರೇ, ನಾಳೆ ಹುಡುಗೀನ ನಾನೇ ಕರ್ಕೊಂಡು ಹೋಗ್ತೀನಿ.”

ಒಟ್ಮಾರನ ಹೊಟ್ಟೆಗೆ ಬೆಂಕಿ ಬಿತ್ತು. ಕಾರನ್ನು ಮನೆಗೆ ಎಳೆಸಿಕೊಂಡು ಬಂದವನೇ ಪ್ಲಗ್ಗು ಬದಲಾಯಿಸಿದ, ಪೆಟ್ರೋಲಿನ ಫಿಲ್ಟರು ಬದಲಾಯಿಸಿದ, ಕೊನೆಗೆ ತನ್ನ ಅಂಗಿಯನ್ನೂ ಬದಲಾಯಿಸಿಕೊಂಡ. ಕಾರು ಮಾತ್ರ ಬದಲಾಗಲಿಲ್ಲ.

“ಪಂಪೇ ಹೋಗಿದೆ!” ಎಂದು ಘೋಷಿಸಿದ.

ಅಡುಗೆಮನೆಯ ಕಿಟಕಿಯಲ್ಲಿ ಮದುವೆ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದ ಹೆರ್ಟಾ ತಲೆಯೆತ್ತದೆ ಹೇಳಿದಳು, “ಪಂಪಲ್ಲ. ಗಾಳಿ ಅಳೆಯೋ ಡಬ್ಬಿ.”

“ಆಲೂಗಡ್ಡೆ ಸುಲೀತಾ ಅದು ಹ್ಯಾಗೆ ಗೊತ್ತಾಯ್ತು ನಿಂಗೆ?”

“ಕಿವಿಯಿಂದ ಸುಲೀತೀನಾ? ನಿಂತಲ್ಲಿ ಸರಿಯಾಗೇ ಉಸಿರಾಡತ್ತೆ. ಪೆಡಲ್ ಪೂರ್ತಿ ಅದುಮಿದ್ರೂ ಸರಿಯಾಗೇ ಇದೆ. ನಡುವೆ ಒಂದು ಕಡೆ ಮಾತ್ರ ಎಡವತ್ತೆ. ಪಂಪು ಹೋಗಿದ್ರೆ ಪೂರ್ತಿ ಅದುಮಿದಾಗ್ಲೇ ಮೊದ್ಲು ಸಾಯ್ತಿತ್ತು, ಮಾರಾಯ!”

ಏಪ್ರನ್ನಿಗೆ ಕೈ ಒರೆಸಿಕೊಂಡು, ವಿದ್ಯುತ್ತು ಅಳೆಯುವ ಅಪ್ಪನ ಮುಳ್ಳಿನ ಮೀಟರು ಹಿಡಿದು ಅಂಗಳಕ್ಕೆ ಇಳಿದೇಬಿಟ್ಟಳು. ಆ ಡಬ್ಬಿಯ ಒಳಗೊಂದು ಪುಟ್ಟ ಬಾಗಿಲಿದೆ. ಎಂಜಿನ್ ಗಾಳಿ ಎಳೆದುಕೊಂಡಷ್ಟೂ ಅದು ತೆರೆಯುತ್ತದೆ. ಬಾಗಿಲ ಜೊತೆಗೇ ಒಂದು ತಂತಿಯ ಕೈ ಕರಿ ಪಟ್ಟಿಯ ಮೇಲೆ ಜಾರುತ್ತ, ಇಷ್ಟು ಗಾಳಿಗೆ ಇಷ್ಟು ಪೆಟ್ರೋಲು ಎಂದು ಲೆಕ್ಕ ಒಪ್ಪಿಸುತ್ತದೆ. ಹೆರ್ಟಾ ಮುಚ್ಚಳ ಎಬ್ಬಿಸಿ, ಮೀಟರಿನ ತಂತಿ ಚುಚ್ಚಿ, ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಮುಳ್ಳು ನಯವಾಗಿ ಏರಿತು, ನಡುವಿಗೆ ಬಂದದ್ದೇ ದೊಪ್ಪನೆ ಬಿತ್ತು, ಮತ್ತೆ ಎದ್ದು ಏರಿತು. ಒಟ್ಮಾರನಿಗೆ ಮೈ ಜುಮ್ಮೆಂದಿತು. ಎಂಥ ಬೆರಳು, ಎಂಥ ತಾಳ್ಮೆ!

“ಪಟ್ಟಿ ಇಲ್ಲಿ ಸವೆದು ಗುಳಿ ಬಿದ್ದಿದೆ. ಯಾವ ವೇಗದ್ದು ಗೊತ್ತಾ? ನಿಂದು. ಎಂಬತ್ತು.”

“ಎಂಬತ್ತರಲ್ಲಿ ಹೋಗೋದು ತಪ್ಪಾ?”

“ಮಳೆ ಬರ್ಲಿ, ಬಿಸಿಲು ಬರ್ಲಿ, ಹಿಂದೆ ಲಾರಿಯವ್ನು ಬಾಯಿ ಬಡ್ಕೊಳ್ಲಿ, ನಿಂದು ಎಂಬತ್ತೇ! ಪಾಪ, ಆ ಕೈ ಒಂದೇ ಜಾಗದಲ್ಲಿ ಕೂತು ಉಜ್ಜಿ ಉಜ್ಜಿ ಸುಸ್ತಾಗಿದೆ. ಅಪ್ಪ ಎಲ್ಲಾ ವೇಗದಲ್ಲೂ ಓಡಿಸ್ತಿದ್ರು.”

ಜನ್ಮದಲ್ಲಿ ಒಮ್ಮೆಯೂ ದಂಡ ಕಟ್ಟದ ಸಾತ್ವಿಕ ಶಿರೋಮಣಿ ಒಟ್ಮಾರ್ ತಲೆ ತಗ್ಗಿಸಿದ. ಹೆರ್ಟಾ ಹುಬ್ಬು ಕೀಳುವ ಚಿಮುಟ ತಂದು, ತಂತಿಯ ಕೈಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಪಟ್ಟಿಯ ಸವೆಯದ ಜಾಗಕ್ಕೆ ಸರಿಸಿದಳು. ಸಂಜೆ ಕಾರು ಒಂದೇ ಒಂದು ಸಲವೂ ಕೆಮ್ಮದೆ ಗುಡ್ಡದ ತುದಿ ಮುಟ್ಟಿತು.

ಮರುದಿನ ಬೆಳಿಗ್ಗೆ ಬೀದಿಯೆಲ್ಲ ನೆರೆದಿತ್ತು. ಒಟ್ಮಾರ್ ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಹಾಡಿತು. ಬಿಳಿ ಉಡುಪಿನ ಮಗಳು ನಕ್ಕಳು, ಬೀಗರು ಮೂಗಿನ ಮೇಲೆ ಬೆರಳಿಟ್ಟರು. ಒಟ್ಮಾರನ ಎದೆ ತುಂಬಿ ಬಂತು. ಇಳಿದು ಬಂದು, ಎಲ್ಲರೆದುರಿಗೆ, ಗಟ್ಟಿ ದನಿಯಲ್ಲಿ ಹೇಳಿಬಿಟ್ಟ:

“ಹೆರ್ಟಾ, ನಿನ್ನಂಥೋಳು ಇನ್ನೊಬ್ಬಳಿಲ್ಲ! ಅದ್ಭುತ ಕಣೇ ನೀನು!”

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಟ್ಮಾರ್ ಆ ಸೀಮೆಯ ಅಪ್ಪಟ ಶ್ವಾಬ. ಬೈಯದಿದ್ದರೆ ಅದೇ ಹೊಗಳಿಕೆ ಎನ್ನುವ ಜನ ಅವರು; ಹೆರ್ಟಾಳ ಅಡುಗೆಗೆ ಈವರೆಗೆ ಅವನಿಂದ ಸಿಕ್ಕ ಪರಮ ಪ್ರಶಸ್ತಿ ‘ತಿನ್ನಬಹುದು’ ಎಂಬುದು. ಅವಳ ಮುಖ ಬಿಳಿಚಿತು. ಓಡಿಬಂದು ಹಣೆ ಮುಟ್ಟಿದಳು.

“ಎಡಗೈ ಜೋಮು ಹಿಡಿದಿದ್ಯಾ? ನಾಲಿಗೆ ತೋರ್ಸು.”

“ನಂಗೇನೂ ಆಗಿಲ್ಲ! ಮನಸಾರೆ ಹೇಳ್ದೆ. ನೀನು ಜಾಣೆ, ನೀನು…”

“ಅಯ್ಯೋ, ಇನ್ನೂ ನಿಂತಿಲ್ಲ! ಬೀಗ್ರೇ, ಸ್ವಲ್ಪ ಹಿಡ್ಕೊಳ್ಳಿ. ಇವನ ಕೈಗೆ ಮಗಳನ್ನ ಒಪ್ಪಿಸ್ಲಾ ನಾನು?”

“ಅಪ್ಪಾ, ಹಟ ಮಾಡ್ಬೇಡ. ಮಲಕ್ಕೋ” ಎಂದಳು ರೀಕೆ, ಕಣ್ಣು ತುಂಬಿಕೊಂಡು.

ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಟ್ಮಾರ್ ಬೀಗರ ಕಾರಿನ ಹಿಂದಿನ ಸೀಟಿನಲ್ಲಿ, ಹಣೆಗೆ ಒದ್ದೆ ಬಟ್ಟೆ ಹಾಕಿಸಿಕೊಂಡು ಮಲಗಿದ್ದ. ಮುಂದೆ ಸಾಸಿವೆ ಬಣ್ಣದ ಕಾರು, ಹೆರ್ಟಾಳ ಕೈಯಲ್ಲಿ, ಗುಡ್ಡದ ತಿರುವುಗಳನ್ನು ಆಟವಾಡುತ್ತ ಹತ್ತಿತು. ಅದನ್ನು ನೋಡುತ್ತ ಅವನಿಗೆ ಹೆಮ್ಮೆಯೂ ಅಳುವೂ ಒಟ್ಟಿಗೇ ಬಂದವು.

ಚರ್ಚಿನ ಬಾಗಿಲಲ್ಲಿ ಇಳಿದವನೇ ಆರೋಗ್ಯ ಸಾಬೀತುಪಡಿಸಲು ಗುಡುಗಿದ: “ಏನೇ ಅದು, ತಿರುವಿನಲ್ಲಿ ಹಾಗಾ ಓಡ್ಸೋದು? ಕ್ಲಚ್ಚು ಸುಟ್ಟು ಹಾಕ್ತೀಯಾ?”

ಹೆರ್ಟಾ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬೈದ! ಅಬ್ಬಾ, ದೇವರು ದೊಡ್ಡವನು.”

“ಹಾಗಾದ್ರೆ ವಾಪಸ್ ಹೋಗ್ತಾ ನಾನೇ ಓಡಿಸ್ತೀನಿ, ಕೀಲಿ ಕೊಡು.”

ಅವಳು ಕೀಲಿಯನ್ನು ಕೈಚೀಲಕ್ಕೆ ಹಾಕಿ, ಪಟಕ್ಕನೆ ಮುಚ್ಚಿ, ಅವನ ಕೆನ್ನೆ ಸವರಿದಳು.

“ಈಗಷ್ಟೇ ಚೇತರಿಸ್ಕೊಂಡಿದೀಯ. ದಾರೀಲಿ ಮತ್ತೆ ಹೊಗಳಿಬಿಟ್ರೆ?”