ಸೇಫ್ಟಿ ಭಾವಮೈದನ ಜೊತೆ ಮೀನಿಗೆ ಹೋದದ್ದು

ನೀರಿಗೂ ನನಗೂ ಆಗಿಬರಲ್ಲ. ಅದು ಗೊತ್ತಿದ್ದೂ ಮೀನು ಹಿಡಿಯೋಕೆ ಹೋಗ್ತೀನಿ. ಹೋದಾಗಲೆಲ್ಲ ಏನಾದರೊಂದು ಆಗುತ್ತೆ. ಆದಮೇಲೆ ಇನ್ನು ಈ ಜನ್ಮದಲ್ಲಿ ಗಾಳ ಮುಟ್ಟಲ್ಲ ಅಂತ ಹೆಂಡತಿ ಮುಂದೆ ಆಣೆ ಮಾಡ್ತೀನಿ. ಮುಂದಿನ ಭಾನುವಾರ ಅವಳೇ ಬುತ್ತಿ ಕಟ್ಟಿ ಕಳಿಸ್ತಾಳೆ, ಮನೇಲಿ ಕೂತು ತಲೆ ತಿನ್ನೋದು ತಪ್ಪುತ್ತಲ್ಲ ಅಂತ.

ನಾನು ಹೊಸಕೋಟೆಯಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರೋನು. ಈಜು ಬರಲ್ಲ. ನನ್ನ ಜೊತೆಗಾರ ನನ್ನ ಹೆಂಡತಿಯ ತಮ್ಮ. ಅವನಿಗೂ ಈಜು ಬರಲ್ಲ. ಆದರೆ ಅವನು ಇನ್ಶೂರೆನ್ಸ್ ಏಜೆಂಟು. ಮನುಷ್ಯ ಯಾವ ಯಾವ ರೀತಿ ಸಾಯಬಹುದು ಅನ್ನೋದು ಅವನಿಗೆ ಮಗ್ಗಿ ಥರ ಬಾಯಿಪಾಠ. ಹಾಗಾಗಿ ಏನೇ ಮಾಡಲಿ, "ಭಾವ, ಸೇಫ್ಟಿ" ಅಂತಾನೆ. ಟೀ ಕುಡಿಯೋಕೆ ಕರೆದ್ರೂ ಅಂತಾನೆ.

ಇನ್ನೊಬ್ಬರು ತೆಪ್ಪದಣ್ಣ. ಅನುಗೊಂಡನಹಳ್ಳಿ ದಾಟಿ ಹೋದರೆ ನನ್ನ ಅತ್ತೆಯ ಊರು. ಆ ಊರ ಕೆರೆಯಲ್ಲಿ ಮೀನು ಸಾಕಿ ಹಿಡಿಯೋರು ಅವರೇ. ದೊಡ್ಡ ಬುಟ್ಟಿ ಥರದ ಒಂದು ತೆಪ್ಪ ಇದೆ. ನಮ್ಮನ್ನ ಅದರಲ್ಲಿ ಕೂರಿಸ್ಕೊಳ್ಳೋದು ಯಾಕೆ ಅಂತ ಒಂದು ಸಲ ಕೇಳಿದ್ದೆ. "ಕೆರೆ ಮೇಲೆ ಟೀವಿ ಇರಲ್ವಲ್ಲ ಸಾರ್" ಅಂದ್ರು.

ಹಿಡಿ ಇರೋ ಜಾಕೆಟ್ಟು

ಮೊದಲನೇ ಸಲ ತೆಪ್ಪ ಹತ್ತೋ ಮುಂಚೆ ಭಾವಮೈದ ಇಬ್ಬರಿಗೂ ಲೈಫ್ ಜಾಕೆಟ್ ಬೇಕೇ ಬೇಕು ಅಂತ ಹಟ ಹಿಡಿದ. ನಾನು ನನ್ನದನ್ನ ಅಂಗಡಿಯಲ್ಲಿ ಹಾಕಿ ನೋಡಿ ತಂದೆ. ಅವನು ಮೊಬೈಲಲ್ಲಿ ತರಿಸಿದ.

ಕೆರೆ ಏರಿ ಮೇಲೆ ಪೆಟ್ಟಿಗೆ ಒಡೆದು ಹಾಕ್ಕೊಂಡ. ಕೈ ತೂರಿಸೋ ತೂತು ಎರಡೂ ಎದೆ ಮೇಲೇ ಇದ್ದವು. ಹೊಟ್ಟೆ ಸುತ್ತ ಮೂರು ಬೆಲ್ಟು. ಬೆನ್ನ ಮೇಲೆ ಬ್ಯಾಗಿಗೆ ಇರುತ್ತಲ್ಲ, ಅಂಥದ್ದೊಂದು ಹಿಡಿ.

ನಾನು ಖಾಲಿ ಪೆಟ್ಟಿಗೆ ತಿರುಗಿಸಿ ನೋಡಿದೆ. "ಲೋ, ಇದರ ಮೇಲೆ ನಾಯಿ ಚಿತ್ರ ಇದೆ ಕಣೋ."

"ಅದು ಕಂಪನಿ ಗುರುತು ಅನ್ಕೊಂಡೆ ಭಾವ."

"ಇದು ನಾಯಿಗೆ ಹಾಕೋ ಜಾಕೆಟ್ಟು!"

ಅವನು "ನಾಯಿ ತೇಲುತ್ತೆ ಅಂದ್ರೆ ನಾನೂ ತೇಲ್ತೀನಿ" ಅಂತ ಬೆಲ್ಟು ಬಿಗಿದುಕೊಂಡೇ ಹತ್ತಿದ. ಕೈ ಎರಡೂ ಮುಂದಕ್ಕೆ ಚಾಚ್ಕೊಂಡೇ ಇದ್ದವು, ಯಾರಿಗೋ ಹಾರ ಹಾಕೋಕೆ ನಿಂತವನ ಥರ.

ಕೆರೆ ಮಧ್ಯಕ್ಕೆ ಹೋದಾಗ ಒಂದು ಜಿಲೇಬಿ ಮೀನು ಗಾಳಕ್ಕೆ ಬಿತ್ತು. ಖುಷಿಯಲ್ಲಿ ಎದ್ದು ನಿಂತ. ತೆಪ್ಪದಲ್ಲಿ ಎದ್ದು ನಿಲ್ಲಬಾರದು ಅಂತ ಆ ದಿನ ಆರು ಸಲ ಹೇಳಿದ್ದವನು ಅವನೇ. ದಬಾರ್ ಅಂತ ಬಿದ್ದ. ಹೆಂಡತಿಗೆ ಏನು ಹೇಳಲಿ ಅನ್ನೋದೇ ನನಗೆ ಚಿಂತೆ ಆಯ್ತು. ತೆಪ್ಪದಣ್ಣ ಮಾತ್ರ ಗಾಬರಿ ಬೀಳಲಿಲ್ಲ. ಬಗ್ಗಿ ಬೆನ್ನ ಮೇಲಿನ ಹಿಡಿ ಹಿಡಿದು, ಬಸ್ಸಿನ ಡಿಕ್ಕಿಯಿಂದ ಸೂಟ್‌ಕೇಸ್ ತೆಗೆದ ಹಾಗೆ ಒಂದೇ ಕೈಯಲ್ಲಿ ಎತ್ತಿ ಒಳಗಿಟ್ಟರು. ಆಮೇಲೆ ನನ್ನ ಜಾಕೆಟ್ ಸುತ್ತಲೂ ನೋಡಿ ತಲೆ ಆಡಿಸಿದರು.

"ನೀವೂ ನಾಯೀದೇ ತಗೊಳ್ಳಿ ಸಾರ್. ಮನುಷ್ಯರದ್ದಕ್ಕೆ ಹಿಡೀನೇ ಇಟ್ಟಿಲ್ಲ."

ಸುತ್ತು

ತೆಪ್ಪ ನಡೆಸೋದು ನೋಡೋಕೆ ಸುಲಭ. ತೆಪ್ಪದಣ್ಣ ಒಂದೇ ಹುಟ್ಟು ಹಾಕಿ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ತಾರೆ. ಒಂದು ಭಾನುವಾರ ಅವರು ಊಟಕ್ಕೆ ಹೋದಾಗ, ನಾವೇ ನಡೆಸೋಣ ಅಂತ ಇಳಿದ್ವಿ. ಭಾವಮೈದ ಸುರಕ್ಷತೆಗೆ ಎರಡು ಹುಟ್ಟು ಇರಲಿ ಅಂದ. ನಾನು ಈ ಕಡೆ ಕೂತೆ, ಅವನು ಎದುರು ಕೂತ. ಎದುರಾಬದುರು ಕೂತು ಇಬ್ಬರೂ ತಮ್ಮ ತಮ್ಮ ಬಲಗಡೆ ಎಳೆದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ತೆಪ್ಪ ರಾಗಿ ಬೀಸೋ ಕಲ್ಲಿನ ಥರ ಸುತ್ತೋಕೆ ಶುರುವಾಯ್ತು.

"ನಿಲ್ಸೋ!"

"ನಿಲ್ಸೋಕೇ ಎಳೀತಿದೀನಿ ಭಾವ!"

ಅವನು ನಿಲ್ಲಿಸೋಕೆ ಎಳೆದ ಹಾಗೆಲ್ಲ ಇನ್ನೂ ಜೋರಾಯ್ತು. ಏರಿ, ಹುಣಸೆ ಮರ, ಎಮ್ಮೆ, ಏರಿ, ಹುಣಸೆ ಮರ, ಎಮ್ಮೆ. ಹತ್ತು ನಿಮಿಷಕ್ಕೆ ನನಗೆ ಭಾವಮೈದ ಇಬ್ಬರಾಗಿ ಕಂಡ. ಒಬ್ಬನನ್ನೇ ತಡೆಯೋಕೆ ಆಗದೋನಿಗೆ ಇದು ಸಣ್ಣ ಕಷ್ಟ ಅಲ್ಲ.

ಏರಿ ಮೇಲೆ ಒಬ್ಬ ಅಜ್ಜಿ ನಿಂತು ಸೆರಗು ಗಲ್ಲಕ್ಕೆ ಕೊಟ್ಟು ನೋಡ್ತಾ ಇತ್ತು. ಹಿಂದಿನ ದಿನವಷ್ಟೇ ಘಾಟಿ ದೇವಸ್ಥಾನಕ್ಕೆ ಹೋಗಿ ಹರಕೆ ತೀರಿಸಿ ಬಂದಿತ್ತಂತೆ. ತುಂಬಾ ಹೊತ್ತು ನೋಡಿ, ಕೊನೆಗೆ ಕೈ ಮುಗಿದು ಕೂಗಿ ಕೇಳ್ತು:

"ಯಾವ ದೇವ್ರಿಗ್ರಪ್ಪಾ, ಇಷ್ಟೊಂದು ಸುತ್ತು?"

ಮಿಷನ್ನು ತೋರಿಸಿದ ಮೀನು

ನೀರೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಒಂದು ಮಿಷನ್ನು ಬರುತ್ತೆ. ದಾರ ಕಟ್ಟಿ ನೀರಿಗೆ ಬಿಟ್ಟರೆ ಮೊಬೈಲಲ್ಲಿ ಚಿತ್ರ ಬೀಳುತ್ತೆ. ಭಾವಮೈದ ಅದನ್ನೂ ತಂದ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಕಿಣಿಕಿಣಿ ಅಂತು.

"ಭಾವ! ನಮ್ಮ ಕೆಳಗೇ ಇದೆ. ನನ್ನಷ್ಟು ಉದ್ದ ಇದೆ. ಅಲ್ಲಾಡ್ತಾನೇ ಇಲ್ಲ."

"ಮಲಗಿದೆಯೇನೋ."

"ದೊಡ್ಡ ಕಾಟ್ಲಾ ಕಣ್ರೀ! ಹೊಟ್ಟೆ ನೋಡಿ ಹೊಟ್ಟೆ!"

ಎರಡು ಗಂಟೆ ಗಾಳ ಬಿಟ್ಟು ಕೂತ್ವಿ. ಮೂಸಿ ಕೂಡ ನೋಡಲಿಲ್ಲ. ಕೊನೆಗೆ ತೆಪ್ಪದಣ್ಣ ಬೇಜಾರಾಗಿ, ಬಾವಿಗೆ ಬಿದ್ದ ಬಿಂದಿಗೆ ಎತ್ತೋ ಪಾತಾಳಗರಡಿ ಇಳಿಸಿದರು. ಸಿಕ್ಕಿಹಾಕ್ಕೊಂಡಿತು. ಮೂವರೂ ಸೇರಿ ಎಳೆದ್ವಿ. ಮೊದಲು ಕಿರೀಟ ಬಂತು. ಆಮೇಲೆ ಸೊಂಡಿಲು.

ಹೋದ ವರ್ಷ ಹುಡುಗರು ಕದ್ದುಮುಚ್ಚಿ ತಂದು ಬಿಟ್ಟಿದ್ದ ಪ್ಲಾಸ್ಟರ್ ಗಣಪತಿ. ಬಣ್ಣ ಕೂಡ ಮಾಸಿರಲಿಲ್ಲ.

ಭಾವಮೈದ ಮೆಲ್ಲಗೆ ಬಿಟ್ಬಿಡೋಣ ಅಂದ. ತೆಪ್ಪದಣ್ಣ ಒಪ್ಪಲಿಲ್ಲ. "ಬಂದ ದೇವ್ರನ್ನ ಹಂಗೇ ವಾಪಸ್ ಕಳ್ಸಾಕಾಯ್ತದಾ? ಪೂಜೆ ಆಗ್ಲೇಬೇಕು." ಸರಿ, ಮೊಬೈಲ್ ಟಾರ್ಚಿನಲ್ಲಿ ಮಂಗಳಾರತಿ ಆಯ್ತು. ನೈವೇದ್ಯಕ್ಕೆ ಏನಿದೆ ಅಂತ ಹುಡುಕಿದ್ರೆ ಗಾಳಕ್ಕೆ ಚುಚ್ಚೋ ಮೈದಾ ಉಂಡೆ ಮಾತ್ರ. ದುಂಡಗೆ, ಬೆಳ್ಳಗೆ, ನೋಡೋಕೆ ಮೋದಕದ ಹಾಗೇ ಇದ್ದವು. ಅದನ್ನೇ ಐದು ಇಟ್ಟು ಕೈ ಮುಗಿದ್ವಿ. ಮೂರ್ತಿನ ಎಳೆದು ದಡ ಸೇರಿಸೋಣ, ಪಂಚಾಯ್ತಿಯವರು ಏನಾದ್ರೂ ಮಾಡಲಿ ಅಂತ ಹೊರಟಾಗ, ಭಾವಮೈದ ಭಕ್ತಿ ಉಕ್ಕಿ ಕೂಗಿದ: "ಗಣಪತಿ ಬಪ್ಪಾ..."

ತೆಪ್ಪದಣ್ಣ ಅವನ ಬಾಯಿ ಮುಚ್ಚಿದರು. "ಮತ್ತೆ ಬಾ ಅನ್ಬೇಡಿ ಸಾರ್. ಈ ಗಣಪ್ಪ ಬಂದೇ ಬಿಡ್ತಾನೆ."

ನಂಗು

ಇಷ್ಟೆಲ್ಲ ಆದಮೇಲೆ ಭಾವಮೈದ ಒಂದು ವಿಡಿಯೋ ತೋರಿಸಿದ. ಚಳಿ ದೇಶದ ಸಮುದ್ರದಲ್ಲಿ ಸಣ್ಣ ದೋಣಿ ಮೇಲೆ ಇಬ್ಬರು ನಿಂತು, ಮನೆ ಬಾಗಿಲಷ್ಟು ಅಗಲದ ಚಪ್ಪಟೆ ಮೀನನ್ನ ಎಳೀತಿದ್ದರು. ಹ್ಯಾಲಿಬಟ್ ಅಂತ ಹೆಸರು. "ಹಿಡಿದ್ರೆ ಇದನ್ನ ಹಿಡೀಬೇಕು ಭಾವ" ಅಂದ. ರಾತ್ರಿ ಬಸ್ಸು ಹತ್ತಿ ಕರಾವಳಿ ಸೇರಿದ್ವಿ.

ಫೋನಲ್ಲೇ ಗೊತ್ತು ಮಾಡಿಟ್ಟಿದ್ದ ದೋಣಿಯವರು ವಿಡಿಯೋ ನೋಡಿ ನಕ್ಕರು. "ಅದು ನಮ್ಮ ಕಡಲಲ್ಲಿ ಎಲ್ಲಿಂದ ಮಾರಾಯ್ರೆ? ಅದೇ ಜಾತಿಯ ಸಣ್ಣದು ಉಂಟು. ಬನ್ನಿ." ಭಾವಮೈದ ಅವರಿಗೇ ಕಾಲು ಗಂಟೆ ಸುರಕ್ಷತೆ ಪಾಠ ಮಾಡಿದ. ಹವಾಮಾನ ನೋಡಿದ್ರಾ? ಡೀಸೆಲ್ ಇದೆಯಾ? ಜಾಕೆಟ್ ಇದೆಯಾ? ಹುಟ್ಟಿದಾಗಿನಿಂದ ಕಡಲ ಮೇಲೆ ಇರೋ ಆ ಮನುಷ್ಯ ಎಲ್ಲಕ್ಕೂ "ಹೌದು ಸಾರ್" ಅಂದರು, ಶಾಲೆ ಮಕ್ಕಳ ಥರ.

ಕೆರೆಗೆ ಅಲೆ ಇರಲ್ಲ. ಸಮುದ್ರಕ್ಕೆ ಅದು ಬಿಟ್ಟು ಬೇರೆ ಏನೂ ಇರಲ್ಲ. ಅರ್ಧ ಗಂಟೆಗೆ ಬೆಳಿಗ್ಗೆ ತಿಂದ ಬನ್ಸು ನೀರು ಪಾಲಾಯ್ತು. ನಾನು ದೋಣಿ ತಳದಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟೆ.

ಅಷ್ಟರಲ್ಲಿ ಭಾವಮೈದನ ಗಾಳಕ್ಕೆ ಒಂದು ಬಿತ್ತು. ತಟ್ಟೆಯಷ್ಟು ಅಗಲ, ಚಪ್ಪಟೆ. ಅವನು ಮುಟ್ಟೋಕೇ ಹೆದರಿದ.

"ಇದಕ್ಕೆ ಲಕ್ವಾ ಹೊಡ್ದಿದೆ! ಎರಡು ಕಣ್ಣೂ ಒಂದೇ ಕಡೆ ಬಂದ್ಬಿಟ್ಟಿವೆ. ಬಾಯಿ ಸೊಟ್ಟ."

"ಎಂತ ಲಕ್ವವೂ ಇಲ್ಲ" ಅಂದರು ದೋಣಿಯವರು. "ಮರಿ ಇರುವಾಗ ಸರಿಯೇ ಇರ್ತದೆ. ಬೆಳೀತಾ ಒಂದು ಕಣ್ಣು ಈಚೆ ಬರ್ತದೆ. ಮರಳಲ್ಲಿ ಮಲಗಿ ಮೇಲೆ ನೋಡ್ಲಿಕ್ಕೆ."

"ಏನು ಮೀನು ಇದು?"

"ನಂಗು."

"ಖಂಡಿತ ನಿಮಗೂ ಕೊಡ್ತೀವಿ ಸಾರ್. ಮೊದ್ಲು ಮೀನು ಯಾವುದು ಹೇಳಿ."

"ಹೇಳಿದೆನಲ್ಲ. ನಂಗು!"

"ಅಯ್ಯೋ, ಅರ್ಧ ನಿಮಗೇ. ಹೆಸರು ಹೇಳಿ ಅಂದ್ರೆ..."

"ನಂಗು ಮಾರಾಯ್ರೆ, ನಂಗು!"

ನಾನು ಕಣ್ಣು ತೆಗೆಯದೆ ಅಂದೆ: "ಅವರಿಗೇ ಪೂರ್ತಿ ಕೊಡೋ. ನಂಗಂತೂ ಬೇಡ."

ಹನ್ನೆರಡು ಗಂಟೆ

ಸಮುದ್ರಕ್ಕೆ ಇಳಿಯೋ ಮುಂಚೆ ಎಲ್ಲಿಗೆ ಹೋಗ್ತೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಬೇಕು. ಒಳ್ಳೇ ನಿಯಮ, ನಾನೂ ಒಪ್ತೀನಿ. ಭಾವಮೈದ ಅದನ್ನೂ ಪಾಲಿಸಿದ್ದ. ಊರು, ದೋಣಿ ನಂಬರು, ದೋಣಿಯವರ ಫೋನು, ಎಲ್ಲ ಬರೆದು ಕವರಿಗೆ ಹಾಕಿ ಅವನ ಅಮ್ಮನಿಗೆ, ಅಂದರೆ ನನ್ನ ಅತ್ತೆಗೆ ಕೊಟ್ಟಿದ್ದ. "ಮೀನಿಗೆ ಹೋಗ್ತಿದೀವಿ. ನಾಳೆ ಹನ್ನೆರಡರೊಳಗೆ ನನ್ನ ಫೋನು ಬರ್ಲಿಲ್ಲ ಅಂದ್ರೆ ಮಾತ್ರ ಇದನ್ನ ತೆಗಿ." ಸಮುದ್ರ ಅಂದ್ರೆ ಬಿಡಲ್ಲ ಅಂತ ಆ ಒಂದು ಪದ ಬಾಯಲ್ಲಿ ಹೇಳಿರಲಿಲ್ಲ. ನಮ್ಮ ಕೆರೆ ಸಾಲ್ದಾ ಅಂತ ಮುನಿಸ್ಕೊಳ್ತಾರೆ ಅಂತ ತೆಪ್ಪದಣ್ಣನಿಗೂ ಹೇಳಿರಲಿಲ್ಲ. ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ಅವತ್ತು ಸಂಘದ ಹೆಂಗಸರ ಜೊತೆ ಶಿವಗಂಗೆ ಬೆಟ್ಟ ಹತ್ತುತ್ತಿದ್ದಳು, ಫೋನು ಬ್ಯಾಗಿನ ತಳದಲ್ಲಿ.

ಹನ್ನೊಂದಕ್ಕೆ ವಾಪಸ್ ಹೊರಟಾಗ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯ್ತು. ದಡ ಒಂದು ಗೆರೆಯಷ್ಟೇ ಕಾಣ್ತಿತ್ತು. ದೋಣಿ ತನ್ನಷ್ಟಕ್ಕೆ ಆಚೆಗೆ ಜಾರ್ತಿತ್ತು. ನಿಜ ಹೇಳ್ತೀನಿ, ನನಗೆ ಹೊಟ್ಟೆ ತೊಳಸೋದೇ ನಿಂತುಹೋಯ್ತು, ಅಷ್ಟು ಭಯ. ಭಾವಮೈದ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಕೂತ. ದೋಣಿಯವರು ಲಂಗರು ಇಳಿಸಿದರು, ಇಂಜಿನ್ ಬಿಚ್ಚಿ, ಒರೆಸಿ, ಊದಿ, ಜೋಡಿಸಿದರು. ಬುರ್ ಅಂದಾಗ ಮಧ್ಯಾಹ್ನ ಒಂದೂಮುಕ್ಕಾಲು. ಭಾವಮೈದ ದೋಣಿಯವರ ಕಾಲಿಗೆ ಬಿದ್ದ. ಎದ್ದವನೇ ನಾಲಿಗೆ ಕಚ್ಚಿಕೊಂಡ. "ಭಾವ, ಅಮ್ಮನಿಗೆ ಫೋನು!"

ನೀರು ತಾಗಬಾರದು ಅಂತ ಮೊಬೈಲಿಗೆ ನಾಲ್ಕು ಪ್ಲಾಸ್ಟಿಕ್ ಕವರು ಸುತ್ತಿದ್ದ. ಬಿಚ್ಚಿ ನೋಡಿದರೆ ನಲವತ್ತು ಮಿಸ್ಡ್ ಕಾಲ್. ಅಮ್ಮ ತೆಗೀಲಿಲ್ಲ. ತೆಪ್ಪದಣ್ಣನಿಗೆ ಮಾಡಿ ಸ್ಪೀಕರ್ ಹಾಕಿದ. ಆಚೆ ಸಂತೆಯಷ್ಟು ಗಲಾಟೆ.

"ಅಣ್ಣಾ, ನಾನು ಕಣಣ್ಣಾ..."

"ಆಮೇಲ್ ಮಾಡಿ ಸಾರ್, ಬಿಜಿ ಇದೀನಿ. ನೀವು ಕೆರೇಲಿ ಮುಳುಗೋಗಿದೀರ. ಮಧ್ಯಾಹ್ನದ ಊಟ ಬಿಟ್ಟು ಹುಡುಕ್ತಾ ಇದೀವಿ. ಸಿಕ್ಕಿದ ತಕ್ಷಣ ನಿಮಗೇ ಮೊದಲು ಫೋನ್ ಮಾಡ್ತೀನಿ."

"ಅಣ್ಣಾ, ನಾನು ಮುಳುಗಿಲ್ಲ! ಅಮ್ಮನಿಗೆ ಕೊಡಿ!"

ಅತ್ತೆ ಬಂದರು. ಇವನು ಬರೆದು ಕೊಟ್ಟ ಕವರು ಕೈಯಲ್ಲೇ ಇತ್ತಂತೆ, ಒಡೆದೇ ಇರಲಿಲ್ಲ. ಹನ್ನೆರಡು ಹೊಡೆದಿದ್ದೇ ಊರೆಲ್ಲ ಎಬ್ಬಿಸಿಕೊಂಡು ಕೆರೆಗೆ ಓಡಿದ್ದರು.

"ಅಮ್ಮಾ, ನಾನು ಚೆನ್ನಾಗಿದೀನಿ ಕಣಮ್ಮಾ! ದೋಣಿ ಮೇಲಿದೀನಿ, ಸುತ್ತ ಬರೀ ನೀರು..."

ಅಷ್ಟರಲ್ಲಿ ಒಂದು ಅಲೆ ಬಂದು ದೋಣಿಗೆ ಬಡಿದು ಅವನ ಬಾಯಿಗೆ ಉಪ್ಪುನೀರು ಹೋಯ್ತು. ಫೋನಿನಲ್ಲಿ ಹೋದದ್ದು ಬರೀ ಗುಳುಗುಳು ಸದ್ದು. ಆ ಕಡೆಯಿಂದ ಅತ್ತೆ ಊರಿಗೆಲ್ಲ ಕೇಳೋ ಹಾಗೆ ಕಿರುಚಿದರು:

"ಇಲ್ಲೇ ತಳದಲ್ಲೇ ಇದಾನೆ ಕಣ್ರೋ, ಇನ್ನೂ ಉಸಿರಾಡ್ತಾ ಅವ್ನೆ! ಫೋನ್ ಇಡ್ಬೇಡ್ವೋ ಮಗನೇ, ಎಲ್ಲಿದೀಯಾ ಅಂತ ಗುಳ್ಳೆ ಬಿಡೋ!"