ಖಂಡೇಪೂಜೆಯ ದಿನ ಬಿಚ್ಚಿದ ಹ್ಯಾಂಡಲ್

ಬ್ರೇಕ್ ಹಾಕಿದಾಗಲೆಲ್ಲ ಚಂದ್ರಾಮನ ಮೋಟಾರ್ ಸೈಕಲ್ಲು ಹ್ಯಾಂಡಲಿನ ಬುಡದಲ್ಲಿ 'ಕಟಕ್' ಎನ್ನುತ್ತಿತ್ತು. ಚಂದ್ರಾಮ ಅದಕ್ಕೆ ಹೊಂದಿಕೊಂಡಿದ್ದ, ಅವನ ಹೆಂಡತಿ ಹಾಲವ್ವ ಹೊಂದಿಕೊಂಡಿರಲಿಲ್ಲ. ಮುಲುಂಡಿನಿಂದ ಭಾಂಡುಪಿಗೆ ಬರುವಾಗ ಹ್ಯಾಂಡಲ್ ಗಡಗಡ ನಡುಗಿ, ಗಂಡಹೆಂಡಿರಿಬ್ಬರೂ ಒಬ್ಬಾಕೆಯ ಬದನೆಕಾಯಿ ಬುಟ್ಟಿಯ ಮೇಲೆ ಹೋಗಿ ಕೂತಿದ್ದರು.

"ಇದು ನೆಟ್ಟಗಾಗೂ ತನಕ ನಾ ಇದರ ಮ್ಯಾಲ ಕೂಡಂಗಿಲ್ರಿ. ನಾ ಬರೂದ್ರಾಗ ರಿಪೇರಿ ಆಗದಿದ್ರ ಗುಜರಿಯಾಂವಗ ಕೊಟ್ಟಬಿಡ್ರಿ" ಎಂದು ಹೇಳಿಯೇ ಅವಳು ತವರಿಗೆ ಹೋಗಿದ್ದಳು.

ಇವತ್ತು ಸಂಜೆ ಅವಳು ದಾದರ್ ಸ್ಟೇಷನ್ನಿನಲ್ಲಿ ಇಳಿಯುವವಳು. ಅದೇ ಗಾಡಿಯ ಮೇಲೆ ಅವಳನ್ನು ಕೂರಿಸಿಕೊಂಡು ಬರುತ್ತೇನೆಂದು ಚಂದ್ರಾಮ ತಾವಿದ್ದ ಚಾಳಿನ ಮಂದಿಗೆಲ್ಲ ಸಾರಿಬಿಟ್ಟಿದ್ದ. ಗಾಡಿಯೂ ಉಳಿಯಬೇಕು, ಮಾನವೂ ಉಳಿಯಬೇಕು. ಮೈಯೆಲ್ಲ ಹಟವಾಗಿ ಬೆಳಿಗ್ಗೆಯೇ ಅಂಗಳಕ್ಕಿಳಿದ.

ಇಂಜಿನ್ನಿನ ಕೆಳಗೆ ಇಟ್ಟಿಗೆ ಒಟ್ಟಿ ಮುಂದಿನ ಚಕ್ರವನ್ನು ಮೇಲಕ್ಕೆತ್ತುತ್ತಿದ್ದಂತೆ ಗಾಡಿಯ ರೋಗ ಹೇಳುವ ವೈದ್ಯರು ಸೇರಿದರು.

"ಗಾಳಿ ಕಮ್ಮಿ ಉಂಟು ಮಾರಾಯ್ರೆ, ಅಷ್ಟೇ" ಎಂದ ಎದುರಿನ ಹೋಟೆಲಿನ ಪೂವಪ್ಪ.

"ಶಾಕಪ್ ಹೋಗ್ಯಾವ" ಎಂದ ಪಕ್ಕದ ಖೋಲಿಯ ಧರ್ಮಣ್ಣ. ಅವನಿಗೆ ಸೈಕಲ್ಲೂ ಹೊಡೆಯಲು ಬರುತ್ತಿರಲಿಲ್ಲ.

ಚಂದ್ರಾಮ ಯಾರ ಮಾತಿಗೂ ಕಿವಿಗೊಡದೆ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದ. ನಟ್ಟನಡುವೆ ಬಂದಾಗ ಅದು ಕುಳಿಗೆ ಬಿದ್ದಂತೆ ನಿಂತಿತು. ಚಕ್ರ ಹಿಡಿದ ಮುಂಗಾಲುಗಳನ್ನು ಹಿಂದೆಮುಂದೆ ಜಗ್ಗಿದರೆ ಸಡಿಲ ಹಲ್ಲಿನಂತೆ ಅಲುಗಾಡಿತು. ಕೋನ್‌ಸೆಟ್ಟೇ ಸವೆದಿದೆ, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬಟ್ಟಲು, ಗುಂಡು ಎಲ್ಲ. ಅನುಮಾನವಿದ್ದುದರಿಂದ ಹೊಸದನ್ನು ಮೊದಲೇ ತಂದಿಟ್ಟಿದ್ದ.

ಬಿಚ್ಚಿದ್ದೇ ತಡ, ಹಳೆಯ ಗುಂಡುಗಳು ಅಂಗಳದ ತುಂಬ ಉರುಳಿದವು. ಅವುಗಳಲ್ಲೊಂದರ ಮೇಲೆ ಧರ್ಮಣ್ಣ ಕಾಲಿಟ್ಟು ಜಾರಿದ, ಆಮೇಲೆ ಸಲಹೆ ಕೊಡುವುದನ್ನು ನಿಲ್ಲಿಸಿದ. ಚಂದ್ರಾಮ ಹೊಸ ಬಟ್ಟಲು ಬಡಿದು ಕೂರಿಸಿ, ಉಂಡಿಗೆ ಗೋಡಂಬಿ ಒತ್ತಿದಂತೆ ಗುಂಡುಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಒತ್ತಿದ. ನಟ್ಟು ಬಿಗಿಯುವುದಷ್ಟೇ ಉಳಿದಿತ್ತು. ಗ್ರೀಸಿನ ಕೈ ತೊಳೆಯಲು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ನಟ್ಟು ತಿರುಗಿಸುವ ಪಾನಾಗಳೆಲ್ಲ ಮಾಯವಾಗಿದ್ದವು.

ಚಾಳಿನ ಹಿರಿಯಳು ರುಕ್ಮಿಣಿಬಾಯಿಯ ಮನೆಯಲ್ಲಿ ಅವು ಸಿಕ್ಕವು. ಮಣೆಯ ಮೇಲೆ ಧರ್ಮಣ್ಣನ ಸುತ್ತಿಗೆ, ಯಾರದೋ ಗರಗಸಗಳ ಜೊತೆಗೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ಮಲಗಿದ್ದವು.

"ಇವತ್ತ ಖಂಡೇಪೂಜಿ ಅಲ್ಲೇನು ತಮ್ಮಾ? ನೀ ಮರತಿ ಅಂತ ನಾನಽ ತಂದಿಟ್ಟೆ" ಎಂದಳು ರುಕ್ಮಿಣಿಬಾಯಿ.

"ಅಕ್ಕಾರ, ಒಂದ ಪಾನಾ ಕೊಡ್ರಿ. ಒಂದ ನಟ್ಟು ಉಳದೈತಿ."

"ಪೂಜಿ ಆದ ಮ್ಯಾಲ ನಾಳಿ ಬನ್ನಿ ಮುಡಿಯೂ ತನಕ ಮುಟ್ಟಂಗಿಲ್ಲಪಾ. ಇವಕ್ಕೂ ಒಂದ ದಿನ ಸೂಟಿ ಬ್ಯಾಡೇನು?"

ಚಂದ್ರಾಮ ಸ್ಟೇಷನ್ ರಸ್ತೆಯ ಗ್ಯಾರೇಜುಗಳಿಗೆ ಓಡಿದ. ಅಲ್ಲಿಯೂ ಪಾನಾಗಳು ಹಾರ ಹಾಕಿಕೊಂಡು ಕೂತಿದ್ದವು. ಅಷ್ಟಕ್ಕೆ ಸೋಲುವ ಗಂಡಸು ಅವನಲ್ಲ. ನೇರವಾಗಿ ಪೂವಪ್ಪನ ಹೋಟೆಲಿನ ಅಡುಗೆಮನೆಗೆ ನುಗ್ಗಿ, ಪಾತ್ರೆ ಇಳಿಸುವ ದೊಡ್ಡ ಇಕ್ಕಳ ಕೇಳಿದ.

"ತೆಗೊಂಡು ಹೋಗಿ. ಇಕ್ಕಳಕ್ಕೆ ಪೂಜೆ ಹೋಟೆಲು ಮುಚ್ಚಿದ ಮೇಲೆ. ಈಗಲೇ ಮಾಡಿದ್ರೆ ಸಾಂಬಾರು ಇಳಿಸುದು ಯಾರು?" ಎಂದ ಪೂವಪ್ಪ.

ಬಿಗಿ ಹೆಚ್ಚಾದಾಗ ಹ್ಯಾಂಡಲ್ ಮೊಂಡು ಬಿತ್ತು. ಸಡಿಲಿಸಿದಾಗ ಮತ್ತೆ 'ಕಟಕ್'. ಬಿಗಿದು, ಸಡಿಲಿಸಿ, ಬೆರಳು ಜಜ್ಜಿಕೊಂಡು, ಕೊನೆಗೊಮ್ಮೆ ಹ್ಯಾಂಡಲನ್ನು ಬೆರಳ ತುದಿಯಿಂದ ಮುಟ್ಟಿದ. ಅದು ಬೆಣ್ಣೆಯಂತೆ ಪಕ್ಕಕ್ಕೆ ಜಾರಿತು. ಚಂದ್ರಾಮನಿಗೆ ಅಳುವಷ್ಟು ಸಂತೋಷವಾಯಿತು.

ಇಟ್ಟಿಗೆ ತೆಗೆದು ಗಾಡಿ ಇಳಿಸುವ ಹೊತ್ತಿಗೆ ರುಕ್ಮಿಣಿಬಾಯಿ ಆರತಿ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

"ನಿಂದರು ತಮ್ಮಾ, ಈಗ ಗಾಡಿ ಆತು. ಇದಕ್ಕೂ ಪೂಜಿ ಮಾಡಿಬಿಡ್ತೀನಿ."

ಕುಂಕುಮ ತಗುಲಿದರೆ ಗಾಡಿಗೂ ನಾಳೆಯ ತನಕ ಸೂಟಿ. ಚಂದ್ರಾಮ ಕಿಕ್ ಹೊಡೆದವನೇ ಹಿಂತಿರುಗಿ ನೋಡದೆ ಗೇಟು ದಾಟಿದ. ರುಕ್ಮಿಣಿಬಾಯಿ ತಟ್ಟೆ ಹಿಡಿದು ರಸ್ತೆಯ ತನಕ ಓಡಿ ಬಂದಳು.

ದಾದರಿನ ತನಕ ಹ್ಯಾಂಡಲ್ ತುಟಿ ಪಿಟಕ್ಕೆನ್ನಲಿಲ್ಲ. ಟ್ರಂಕಿನೊಂದಿಗೆ ಸ್ಟೇಷನ್ನಿನ ಹೊರಗೆ ನಿಂತಿದ್ದ ಹಾಲವ್ವ ಮೊದಲು ಹ್ಯಾಂಡಲನ್ನು ಜಗ್ಗಿದಳು, ಅಲುಗಾಡಿಸಿದಳು, ತಿರುಗಿಸಿದಳು.

"ಖರೇನ ನೆಟ್ಟಗಾಗೇತಲ್ರಿ. ಯಾರ ಕಡೆ ಮಾಡಿಸಿದ್ರಿ?"

"ನಾನಽ ಮಾಡೀನಿ" ಎಂದು ಎದೆಯುಬ್ಬಿಸಿದ ಚಂದ್ರಾಮ, "ಹತ್ತು."

ಹಾಲವ್ವ ಸೆರಗು ಸಿಕ್ಕಿಸಿಕೊಂಡು ಹತ್ತಲು ಹೋದವಳು ತಟ್ಟನೆ ನಿಂತಳು. ದೀಪ ನೋಡಿದಳು, ಮಡ್‌ಗಾರ್ಡ್ ನೋಡಿದಳು.

"ಕುಂಕುಮ ಎಲ್ಲೈತ್ರಿ? ಒಂದ ಹೂವರೆ ಬ್ಯಾಡೇನು? ಖಂಡೇಪೂಜಿ ದಿನ ಪೂಜಿ ಇಲ್ಲದ ಗಾಡಿ ಹತ್ತಿಸ್ತೀರೇನು ನನ್ನ?"

ಸೂಟಿಯ ನಿಯಮ ರುಕ್ಮಿಣಿಬಾಯಿಯದಷ್ಟೇ ಎಂದುಕೊಂಡು ಚಂದ್ರಾಮ ಎದುರಿನ ಹೂವಿನ ಅಂಗಡಿಗೆ ಓಡಿ, ಇದ್ದುದರಲ್ಲೇ ದಪ್ಪ ಹಾರ ತಂದು ಹ್ಯಾಂಡಲಿಗೆ ಹಾಕಿದ. ಹಾಲವ್ವ ತನ್ನ ಚೀಲದಿಂದ ಕುಂಕುಮ ತೆಗೆದು ಭಕ್ತಿಯಿಂದ ದೀಪಕ್ಕೆ ಹಚ್ಚಿ ಕೈಮುಗಿದಳು.

"ಆತಲ್ಲ, ಇನ್ನ ಹತ್ತು" ಎಂದ ಚಂದ್ರಾಮ.

ಹಾಲವ್ವ ಅವನನ್ನು ಕನಿಕರದಿಂದ ನೋಡಿದಳು.

"ಪೂಜಿ ಆದ ಮ್ಯಾಲ ನಾಳಿ ತನಕ ನಡಸಬಾರದ್ರೀ. ಅಷ್ಟೂ ಗೊತ್ತಿಲ್ಲೇನು ನಿಮಗ?"

ಅವಳು ಲೋಕಲ್‌ ರೈಲಿನ ಹೆಂಗಸರ ಡಬ್ಬಿ ಹತ್ತಿ ಹೋದಳು. ಚಂದ್ರಾಮ ಅವಳ ಟ್ರಂಕನ್ನು ಹಿಂದಿನ ಸೀಟಿನ ಮೇಲಿಟ್ಟು, ಹಾರ ಹಾಕಿದ ಹ್ಯಾಂಡಲ್ ಹಿಡಿದು, ದಾದರಿನಿಂದ ಭಾಂಡುಪಿನ ಕಡೆಗೆ ಗಾಡಿ ತಳ್ಳತೊಡಗಿದ.